ಕೀಲಿಗೆ ಹಾಕುವ ಸೂಜಿ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ನಾವು ಹೋದ ಮನೆಗಳಲ್ಲೆಲ್ಲ ಹಿರಿಯ ತಾಯಂದಿರು ಮೊಣಕಾಲು ನೋವಿನ ಮಾತೆತ್ತುತ್ತಾರೆ. ತೊಗರಿಯ ಹೊಲದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಳೆ ತೆಗೆದ ಕಾಲುಗಳವು. ‘ಶಾಸ್ತ್ರಿಗಳೇ, ಹೋದ ಸರ್ತಿ ಸೂಜಿ ಮಾಡಿಸಿದಾಗ ನೋವು ನಿಂತಿತ್ರಿ, ಇನ್ನೊಂದು ಮಾಡಿಸಲೇನ್ರಿ?’ ಎಂಬುದು ಅವರ ಪ್ರಶ್ನೆ. ಉತ್ತರಿಸಬೇಕಾದವರು ವೈದ್ಯರು, ಆದರೆ ವೈದ್ಯರನ್ನು ಏನು ಕೇಳಬೇಕೆಂಬುದನ್ನು ಮನೆಯವರು ಅರಿತಿರಬೇಕು.

1948ರಲ್ಲಿ ಅಮೆರಿಕೆಯ ಫಿಲಿಪ್ ಹೆಂಚ್ ಅವರು ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಸಂಧಿವಾತದ ರೋಗಿಗೆ ಮೊದಲು ಕೊಟ್ಟರು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. 1951ರಲ್ಲಿ ಜೋಸೆಫ್ ಹಾಲೆಂಡರ್ ಅವರು ಅದೇ ವರ್ಗದ ಔಷಧವನ್ನು ನೇರವಾಗಿ ಕೀಲಿನೊಳಕ್ಕೆ ಕೊಟ್ಟ ಫಲಿತಾಂಶವನ್ನು ಪ್ರಕಟಿಸಿದರು. ಈ ಮದ್ದು ಕೀಲಿನ ಬಾವನ್ನು ಇಳಿಸುತ್ತದೆ. ಕೆಲವು ವಾರ ನೋವು ತಗ್ಗುತ್ತದೆ. ಆದರೆ ಸವೆದ ಮೃದ್ವಸ್ಥಿಯನ್ನು ಅದು ಮರಳಿ ಬೆಳೆಸದು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊಣಕಾಲು ಸವೆದ 140 ಜನರನ್ನು ಎರಡು ಗುಂಪು ಮಾಡಿ, 12 ವಾರಗಳಿಗೊಮ್ಮೆಯಂತೆ ಎರಡು ವರ್ಷ ಒಂದು ಗುಂಪಿಗೆ ಸ್ಟೀರಾಯ್ಡನ್ನೂ ಇನ್ನೊಂದಕ್ಕೆ ಬರಿಯ ಲವಣಜಲವನ್ನೂ ಕೊಟ್ಟರು. ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿಯೇ ಹೆಚ್ಚು ತೆಳುವಾಗಿತ್ತು. ನೋವಿನಲ್ಲಿ ಗಣನೀಯ ಅಂತರವಿರಲಿಲ್ಲ.

ಆದುದರಿಂದ ಸೂಜಿಯನ್ನು ತೊರೆಯಬೇಕೆಂದಲ್ಲ. ಬಾವು ಏರಿ ಕಾಲು ಮಡಚಲಾಗದಾಗ ಅದು ಉಪಕಾರಿಯೇ. ಆದರೆ ಒಂದೇ ಕೀಲಿಗೆ ಮೂರು ತಿಂಗಳೊಳಗೆ ಮತ್ತೊಂದು ಬೇಡವೆಂಬುದು ವೈದ್ಯರ ಸಾಮಾನ್ಯ ನಿಯಮ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ರಕ್ತದ ಸಕ್ಕರೆ ಏರುವುದರಿಂದ ಮೊದಲೇ ತಿಳಿಸಬೇಕು. ಸೂಜಿಯ ಬಳಿಕ ಜ್ವರ ಬಂದು ಕೀಲು ಕೆಂಪಾಗಿ ಊದಿಕೊಂಡರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ನೋವು ನಿಂತಿತೆಂದು ಮರುದಿನವೇ ಕಳೆಗೆ ಹೋಗುವುದು ಸಲ್ಲದು. ನೋವು ಅಡಗಿದ ಕೀಲು ತಾನು ದಣಿದುದನ್ನು ಹೇಳಲಾರದು.

ಇನ್ನೊಂದು ಎಚ್ಚರಿಕೆ. ಹೆಸರು ಹೇಳದೆ ಸೊಂಟಕ್ಕೆ ಚುಚ್ಚುವ ‘ನೋವಿನ ಸೂಜಿ’ ಬೇರೆ, ಎಲುಬು-ಕೀಲು ತಜ್ಞರು ಕೀಲಿನೊಳಗೆ ಕೊಡುವುದು ಬೇರೆ. ಔಷಧದ ಹೆಸರನ್ನು, ದಿನಾಂಕವನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ.

ತೊಡೆಯ ಸ್ನಾಯುಗಳಿಗೆ ನಿತ್ಯ ವ್ಯಾಯಾಮ, ಮೈತೂಕದ ಇಳಿಕೆ, ಕೆಲಸಕ್ಕೆ ಎತ್ತರದ ಮಣೆ, ಇವು ಸೂಜಿಗಿಂತ ದೀರ್ಘಕಾಲದ ಸಂಗಾತಿಗಳು. ಪೂಜೆಗೆ ನೆಲದ ಮೇಲೆಯೇ ಕುಳಿತುಕೊಳ್ಳಬೇಕೆಂಬ ಹಟವನ್ನೂ ಹಿರಿಯರು ಬಿಡಲಿ. ಕುರ್ಚಿಯಲ್ಲಿ ಕುಳಿತು ಮಾಡಿದ ಇಷ್ಟಲಿಂಗಪೂಜೆಗೆ ಯಾವ ಊನವೂ ಇಲ್ಲ. ಆ ಕುರ್ಚಿಯನ್ನು ತಂದಿಡುವ ಹೊಣೆ ಮಕ್ಕಳದು, ಸೊಸೆಯಂದಿರದು.