ಏರುವಾಗ ಯಂತ್ರ ನಿಂತರೆ

ಬಂಡಿಯ ಅಚ್ಚು ಮುರಿದರೆ ಬಂಡಿ ನಿಲ್ಲುವುದು; ಮೋಟಾರು ಕೆಟ್ಟರೆ ಅದನ್ನು ರಸ್ತೆಯ ಬದಿಗೆ ತಳ್ಳಬಹುದು. ಆಕಾಶಕ್ಕೇರುತ್ತಿರುವ ಸಣ್ಣ ವಿಮಾನದ ಯಂತ್ರವೇ ನಿಂತರೆ ಗತಿಯೇನು? ಗೃಹಸ್ಥರ ಮಕ್ಕಳು ವಿಮಾನ ನಡೆಸುವ ವಿದ್ಯೆಗೆ ಹೊರಡುವ ಈ ಕಾಲದಲ್ಲಿ ನಮ್ಮ ಹುಲಿಕೆರೆಯ ಜಗಲಿಗಳಲ್ಲಿಯೂ ಈ ಪ್ರಶ್ನೆ ಏಳುವುದು ಸಹಜ. ನಾವು ವ್ಯಾಕರಣ ಕಲಿಸಿದವರೇ ಹೊರತು ವಿಮಾನ ನಡೆಸಿದವರಲ್ಲ. ಆದರೂ ತಜ್ಞರು ವಿಧಿಸಿರುವ ಕ್ರಮವನ್ನು ವಾಚಕರ ಮುಂದಿಡುವೆವು.

ಯಂತ್ರ ನಿಂತೊಡನೆ ವಿಮಾನವು ಕಲ್ಲಿನಂತೆ ಬೀಳುವುದೆಂಬುದು ತಪ್ಪು ತಿಳಿವಳಿಕೆ. ಅದನ್ನು ಎತ್ತಿಹಿಡಿಯುವುದು ರೆಕ್ಕೆಯನ್ನು ಸವರಿ ಹರಿಯುವ ಗಾಳಿ. ಯಂತ್ರದ ಕೆಲಸ ಮುಂದಕ್ಕೆ ಎಳೆಯುವುದು. ಸೆಸ್ನಾ 172 ಎಂಬ ಸಣ್ಣ ವಿಮಾನವು ಯಂತ್ರವಿಲ್ಲದೆಯೂ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು 9 ಅಡಿ ಮುಂದೆ ಸಾಗಬಲ್ಲುದು. 5,000 ಅಡಿ ಎತ್ತರದಲ್ಲಿ ಯಂತ್ರ ನಿಂತರೆ ಇಳಿಯುವ ಸ್ಥಳ ಹುಡುಕಲು ಕೆಲವು ನಿಮಿಷಗಳಾದರೂ ಉಂಟು. ನೆಲ ಬಿಟ್ಟು 300 ಅಡಿ ಏರಿದಾಗಲೇ ನಿಂತಿತೆನ್ನಿ. ಆಗ ಅರ್ಧ ಮೈಲಿಯ ದಾರಿ, ಅರ್ಧ ನಿಮಿಷಕ್ಕೂ ಕಡಿಮೆ ಕಾಲ, ಇಷ್ಟೇ ಚಾಲಕನ ಬಂಡವಾಳ.

ಆ ಹೊತ್ತಿನಲ್ಲಿ ಮನುಷ್ಯಸ್ವಭಾವವೇ ಶತ್ರು. ಏರುವ ವಿಮಾನದ ಮೂತಿ ಮೇಲಕ್ಕಿರುವುದು. ಎಳೆಯುವ ಬಲ ತಪ್ಪಿದೊಡನೆ ವೇಗ ಕುಂದುವುದು. ನೆಲವು ಸಮೀಪಿಸುವುದನ್ನು ಕಂಡ ಕೈ ತಾನಾಗಿಯೇ ಮೂತಿಯನ್ನು ಇನ್ನೂ ಮೇಲೆತ್ತಲು ಹವಣಿಸುವುದು. ಹಾಗೆತ್ತಿದರೆ ಗಾಳಿಯು ರೆಕ್ಕೆಗೆ ಹೊಂದಿ ಹರಿಯದೆ ಚೆದರುವುದು. ವಿಮಾನ ನಿಜವಾಗಿ ಬೀಳುವುದು ಆಗಲೇ. ಆದಕಾರಣ ಮೊದಲನೆಯ ವಿಧಿ: ತತ್‌ಕ್ಷಣವೇ ಮೂತಿಯನ್ನು ತಗ್ಗಿಸಿ ವೇಗವನ್ನು ಕಾಯತಕ್ಕದ್ದು. ಮೇಲೆ ಹೇಳಿದ ವಿಮಾನಕ್ಕೆ ಅದು ಗಂಟೆಗೆ ಸುಮಾರು 120ರಿಂದ 130 ಕಿಲೋಮೀಟರು.

ಎರಡನೆಯ ವಿಧಿ: ಎತ್ತರ ಸಾಲದಿದ್ದಾಗ ಹಿಂದಿರುಗತಕ್ಕದ್ದಲ್ಲ. ಬಿಟ್ಟುಬಂದ ರನ್‌ವೇ ಬೆನ್ನ ಹಿಂದೆಯೇ ಇರುವಾಗ ಅತ್ತ ಮನಸ್ಸೆಳೆಯುವುದು ಸಹಜ. ಆದರೆ ಅರ್ಧ ಸುತ್ತು ತಿರುಗಿದ ವಿಮಾನವು ರನ್‌ವೇಯ ಪಕ್ಕಕ್ಕೆ ಬರುವುದೇ ಹೊರತು ನೇರಕ್ಕಲ್ಲ, ಇನ್ನೂ ತಿರುಗಬೇಕು. ತಿರುಗಲೆಂದು 45 ಡಿಗ್ರಿ ವಾಲಿಸಿದರೆ, ಬೀಳದಿರಲು ಬೇಕಾದ ಕನಿಷ್ಠ ವೇಗವೇ ನೂರಕ್ಕೆ ಸುಮಾರು 19ರಷ್ಟು ಹೆಚ್ಚುವುದು. ಅಲ್ಲದೆ ಗಾಳಿಗೆ ಎದುರಾಗಿ ಏರಿದ ವಿಮಾನಕ್ಕೆ ಮರಳುವಾಗ ಗಾಳಿ ಬೆನ್ನಿಗೆ ಬಿದ್ದು, ನೆಲ ಮುಟ್ಟುವ ರಭಸ ಬೆಳೆಯುವುದು. ಆದುದರಿಂದ ಎದುರಿಗೋ, ಎಡಬಲಕ್ಕೆ ತುಸು ಓರೆಯಾಗಿಯೋ ಸಿಕ್ಕ ಬಯಲಿನಲ್ಲೇ ಇಳಿಯಬೇಕು. ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ, ತೆಂಗಿನ ತೋಟಕ್ಕಿಂತ ರಾಗಿಯ ಹೊಲ ಲೇಸು. ಕಾಲಾವಕಾಶವಿದ್ದರೆ ಇಂಧನವನ್ನೂ ವಿದ್ಯುತ್ತನ್ನೂ ತಡೆದು, ಬಾಗಿಲಿನ ಅಗುಳಿಯನ್ನು ಸಡಿಲಿಸುವುದು. ರೆಕ್ಕೆ ಮುರಿದರೆ ಮುರಿಯಲಿ. ಜೀವ ಉಳಿದರೆ ಸಾಕು.

ಇವು ದೂರದೇಶದ ಮಾತುಗಳಲ್ಲ. 2004ನೆಯ ಇಸವಿ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಏರಿದ ಸೆಸ್ನಾ 180 ವಿಮಾನವು ಸ್ವಲ್ಪ ಹೊತ್ತಿನಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಬಿದ್ದು, ಚಲನಚಿತ್ರನಟಿ ಸೌಂದರ್ಯ ಅವರೂ ಸೇರಿ ನಾಲ್ವರು ಮಡಿದರು. ಕಾರಣವೇನೇ ಇರಲಿ, ನೆಲ ಬಿಟ್ಟ ಮೊದಲ ಕ್ಷಣಗಳು ಎಷ್ಟು ಇಕ್ಕಟ್ಟಿನವೆಂಬುದಕ್ಕೆ ಆ ದುಃಖವೇ ಸಾಕ್ಷಿ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ತಾಂತ್ರಿಕ ದೋಷಕ್ಕೆ ಸಿಕ್ಕಿ ಸಮೀಪದ ಹೊಲದಲ್ಲಿ ಇಳಿಯಿತು; ಒಳಗಿದ್ದ ಇಬ್ಬರೂ ಬದುಕಿ ಹೊರಬಂದರು.

ಅಷ್ಟು ಅಲ್ಪಕಾಲದಲ್ಲಿ ಇದನ್ನೆಲ್ಲ ಯೋಚಿಸುವುದು ಸಾಧ್ಯವೆ ಎಂದು ವಾಚಕರು ಕೇಳಬಹುದು. ಸಾಧ್ಯವಿಲ್ಲ; ಇದೇನಾಯಿತೆಂಬ ಬೆರಗಿನಲ್ಲಿಯೇ ಮೂರು ನಾಲ್ಕು ಸೆಕೆಂಡು ಕಳೆದುಹೋಗುವುವು. ಆದುದರಿಂದಲೇ ಯೋಚನೆಯು ನೆಲದ ಮೇಲೆಯೇ ಮುಗಿದಿರತಕ್ಕದ್ದು. ನಮ್ಮ ಮನೆಗಳಲ್ಲಿ ಪೂಜೆಗೆ ಮೊದಲು ದೇಶಕಾಲಗಳನ್ನು ಹೇಳಿ, ಮಾಡಲಿರುವುದನ್ನು ಬಾಯಿಬಿಟ್ಟು ಸಂಕಲ್ಪಿಸುವೆವಷ್ಟೆ. ಒಳ್ಳೆಯ ಚಾಲಕನೂ ಹಾಗೆಯೇ. ಮೊದಲು ತೊಟ್ಟಿಯ ತಳದಿಂದ ಇಂಧನವನ್ನು ತುಸು ಬಸಿದು, ನೀರು ಬೆರೆತಿದೆಯೆ ಎಂದು ನೋಡುವನು. ನೀರು ಭಾರವಾದುದರಿಂದ ತಳದಲ್ಲಿ ನಿಲ್ಲುವುದು. ಆಮೇಲೆ ಹೊರಡುವ ಮುನ್ನ ಗಾಳಿ ಯಾವ ದಿಕ್ಕಿನದು, ನೆಲ ಬಿಡುವ ಮೊದಲೇ ಯಂತ್ರ ಕುಂದಿದರೆ ಏನು, ಏರಿದ ಮೇಲೆ ಯಾವ ಎತ್ತರದವರೆಗೆ ನೇರವಾಗಿಯೇ ಇಳಿಯಬೇಕು, ಎದುರಿಗೆ ಯಾವ ಬಯಲಿದೆ ಎಂಬುದನ್ನು ಗಟ್ಟಿಯಾಗಿ ಹೇಳಿಕೊಳ್ಳುವನು. ಪ್ರತಿದಿನ, ಪ್ರತಿಸಾರಿ ಹೀಗೆ. ಯಂತ್ರ ನಿಂತ ಮೇಲೆ ಯೋಚಿಸ ಹೊರಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಈ ವಿದ್ಯೆಗೆ ಮಕ್ಕಳನ್ನು ಕಳುಹಿಸಿರುವ ತಾಯಿತಂದೆಗಳಿಗೆ ನಮ್ಮದೊಂದು ಸೂಚನೆ. ಮಗನೋ ಮಗಳೋ ದೂರವಾಣಿಯಲ್ಲಿ ಮಾತನಾಡುವಾಗ “ಹೆದರಿಕೆಯಾಗುವುದಿಲ್ಲವೇನಪ್ಪ?” ಎಂದು ಕೇಳಿ ಫಲವಿಲ್ಲ. “ಇವತ್ತು ಹೊರಡುವ ಮೊದಲು ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಂಡೆಯಾ?” ಎಂದು ಕೇಳಿರಿ. ಇಪ್ಪತ್ತು ದಿನ ಕೇಳಿದರೆ ಅಭ್ಯಾಸವಾಗುವುದು; ಅಭ್ಯಾಸವಾದುದು ಆಪತ್ಕಾಲಕ್ಕೆ ಒದಗುವುದು.