ಅಂಗಳದ ಕರಿಕೆಯನ್ನು ಬೋಳಿಸಬೇಡಿ

ಈಚಿನ ವರ್ಷಗಳಲ್ಲಿ ನಮ್ಮ ಜಹೀರಾಬಾದ, ನಾರಾಯಣಖೇಡ, ತಾಂಡೂರ ಕಡೆ ಹೊಸ ಮನೆ ಕಟ್ಟಿಸಿದವರು ಅಂಗಳದಲ್ಲಿ ಒಂದಿಷ್ಟು ಹುಲ್ಲುಹಾಸು ಬೆಳೆಸುವುದು ರೂಢಿಗೆ ಬರುತ್ತಲಿದೆ. ನಮಗೆ ಇದರಲ್ಲಿ ಆಕ್ಷೇಪವಿಲ್ಲ. ಧೂಳು ಅಡಗುತ್ತದೆ, ಸಂಜೆ ಕೂಡ್ರಲು ತಂಪಾಗಿರುತ್ತದೆ, ಆಡುವ ಮಕ್ಕಳು ಬಿದ್ದರೆ ಮೊಳಕಾಲು ಒಡೆಯುವುದಿಲ್ಲ. ಆದರೆ ಇಂಥ ಅಂಗಳಗಳಲ್ಲಿ ಹಲವನ್ನು ನಾವು ಕಂಡಿದ್ದೇವೆ. ಮೊದಲ ಮಳೆಗಾಲದಲ್ಲಿ ಗಿಳಿಹಸಿರು, ಎರಡನೆಯ ಬೇಸಗೆಗೆ ಕಂದು ಚಾಪೆ. ಯಜಮಾನರನ್ನು ಕೇಳಿದರೆ ಒಬ್ಬರು ಬೋರಿನ ನೀರನ್ನು ದೂರುತ್ತಾರೆ, ಇನ್ನೊಬ್ಬರು ಎರೆಮಣ್ಣನ್ನು, ಮತ್ತೊಬ್ಬರು ಹುಲ್ಲು ಮಾರಿದ ನರ್ಸರಿಯವರನ್ನು. ಕೊಯ್ದ ರೀತಿಯನ್ನು ದೂರಿದವರು ನಮಗೆ ಇನ್ನೂ ಸಿಕ್ಕಿಲ್ಲ. ನಮ್ಮ ಅಭಿಪ್ರಾಯದಲ್ಲಿ ತಪ್ಪು ಬಹುಮಟ್ಟಿಗೆ ಅಲ್ಲಿಯೇ ಇದೆ.

ಇಂಥ ಅಂಗಳಗಳಲ್ಲಿ ಬಹಳಷ್ಟು ಕಡೆ ಇರುವುದು ಕರಿಕೆ. ೧೯೫೬ರವರೆಗೆ ಬೀದರ, ಗುಲ್ಬರ್ಗಾ ಜಿಲ್ಲೆಗಳಿಗೆ ಸೇರಿದ್ದ ಈ ಸೀಮೆಯಲ್ಲಿ ಅದಕ್ಕೆ ಹೆಸರು ಒಂದಲ್ಲ. ತೆಲುಗರು ಗರಿಕ ಎನ್ನುತ್ತಾರೆ, ಮರಾಠಿಗರು ಹರಳಿ ಎನ್ನುತ್ತಾರೆ, ಉರ್ದು ಮಾತಾಡುವವರು ದೂಬ್ ಎನ್ನುತ್ತಾರೆ. ಹೊಲದಲ್ಲಿ ಅದರ ಕಾಟವನ್ನು ಉಣ್ಣದ ರೈತನಿಲ್ಲ. ಆಳವಾಗಿ ನೇಗಿಲು ಹೊಡೆದು, ಬೇರು ಆರಿಸಿ, ಬದುವಿನ ಮೇಲೆ ಒಣಗಹಾಕಿದರೂ ಮಣ್ಣಿನಲ್ಲಿ ಒಂದು ಗಣ್ಣು ಉಳಿದರೆ ಸಾಕು, ಮತ್ತೆ ಹಬ್ಬುತ್ತದೆ. ಇಂಥ ಹಟಮಾರಿ ಹುಲ್ಲು ಅಂಗಳದಲ್ಲಿ ನೀರು ಕುಡಿದೂ ಸೊರಗುವುದೇಕೆ? ಹೊಲದಲ್ಲಿ ಅದನ್ನು ಯಾರೂ ತಿಂಗಳಿಗೊಮ್ಮೆ ಬೋಳಿಸುವುದಿಲ್ಲ. ನೆಲದೊಳಗಿನ ಕಾಂಡದಲ್ಲಿ ಆಹಾರ ಕೂಡಿಡಲು ಅದಕ್ಕೆ ಅವಕಾಶವಿರುತ್ತದೆ. ಅಂಗಳದಲ್ಲಿ ಕೂಡಿಟ್ಟದ್ದು ಚಿಗುರಿಗೇ ಖರ್ಚಾಗಿ, ಚಿಗುರು ಮತ್ತೆ ಕತ್ತಿಯ ಪಾಲಾಗುತ್ತದೆ.

ಈ ಬೋಳಿಸುವ ಚಾಳಿ ನಮಗೆ ಕಬ್ಬಿನಿಂದ ಬಂದಿರಬೇಕು. ಜಹೀರಾಬಾದ ಸುತ್ತಿನ ರೈತರಿಗೆ ಕಬ್ಬನ್ನು ನೆಲಕ್ಕೆ ಹತ್ತಿ ಕಡಿಯಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಕ್ಕರೆ ಬುಡದಲ್ಲಿ ಹೆಚ್ಚು. ನೆಲದೊಳಗಿನ ಕಣ್ಣುಗಳಿಂದ ಒಡೆದ ಕುಳೆಯೇ ಗಟ್ಟಿ. ಕಬ್ಬಿಗೆ ಅದು ಸರಿ, ಏಕೆಂದರೆ ಅದನ್ನು ಕಡಿಯುವುದು ವರ್ಷಕ್ಕೊಮ್ಮೆ. ಅದೇ ರೈತ ದನಗಳಿಗಾಗಿ ಹಾಕಿದ ಹೈಬ್ರಿಡ್ ನೇಪಿಯರ್ ಹುಲ್ಲನ್ನು ಸುಮಾರು ೪೫ ದಿನಕ್ಕೊಮ್ಮೆ ಕೊಯ್ಯುವಾಗ ೪ರಿಂದ ೬ ಅಂಗುಲ ಮೋಟು ಬಿಡುತ್ತಾನೆ. ಬಿಡದಿದ್ದರೆ ಮುಂದಿನ ಕೊಯ್ಲು ತೆಳ್ಳಗಾಗುವುದೆಂದು ಬಲ್ಲ. ಮನೆಯಂಗಳಕ್ಕೆ ಬಂದೊಡನೆ ಮಾತ್ರ ಈ ತಿಳಿವಳಿಕೆ ಮರೆತುಹೋಗುತ್ತದೆ.

ಹುಲ್ಲಿಗೆ ಎಲೆಯೇ ಅಡಿಗೆಮನೆ. ಅಲ್ಲಿ ತಯಾರಾದ ಆಹಾರವೇ ಬೇರಿಗೆ ಇಳಿಯಬೇಕು. ಅಮೆರಿಕೆಯಲ್ಲಿ ಕ್ರೈಡರ್ ಎಂಬವರು ಹಲವು ಜಾತಿಯ ಹುಲ್ಲುಗಳ ಮೇಲೆ ನಡೆಸಿದ ಪ್ರಯೋಗಗಳನ್ನು ೧೯೫೫ರಲ್ಲಿ ಪ್ರಕಟಿಸಿದರು. ಮೇಲಿನ ಬೆಳವಣಿಗೆಯ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಭಾಗವನ್ನು ಒಮ್ಮೆಗೆ ತೆಗೆದರೆ ಹೆಚ್ಚಿನ ಜಾತಿಗಳಲ್ಲಿ ಬೇರಿನ ಬೆಳವಣಿಗೆ ನಿಂತೇಹೋಗುವುದನ್ನು ಅವರು ಕಂಡರು. ಬಹುಪಾಲು ಎಲೆಯನ್ನು ಕತ್ತರಿಸಿದಾಗ ಬೇರುಗಳು ಹಲವು ದಿನ ಬೆಳೆಯಲಿಲ್ಲ. ಒಂದು ಸಲಕ್ಕೆ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದೆಂಬ ನಿಯಮ ಹುಲ್ಲು ಸಾಕುವವರಲ್ಲಿ ನಡೆದುಬಂದಿರುವುದು ಇದಕ್ಕಾಗಿಯೇ. ೩ ಅಂಗುಲ ಬೆಳೆದ ಕರಿಕೆಯನ್ನು ೨ ಅಂಗುಲಕ್ಕೆ ತರಬೇಕು. ಅಳತೆಪಟ್ಟಿ ಬೇಕಿಲ್ಲ, ಬೆಂಕಿಪೊಟ್ಟಣವನ್ನು ನಿಗುರಿಸಿ ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಊರಿಗೆ ಹೋಗಿ ಬರುವಷ್ಟರಲ್ಲಿ ೫ ಅಂಗುಲ ಬೆಳೆದಿದ್ದರೆ ನಾಲ್ಕೈದು ದಿನ ಬಿಟ್ಟು ಬಿಟ್ಟು, ಎರಡು ಮೂರು ಸಲದಲ್ಲಿ ಇಳಿಸಬೇಕು. ಗಣೇಶ ಚೌತಿಗೆ ನಮ್ಮ ಹೆಣ್ಣುಮಕ್ಕಳು ಕರಿಕೆಯ ಕುಡಿಯನ್ನಷ್ಟೇ ಚಿವುಟುತ್ತಾರೆ. ಅದರಿಂದ ಕರಿಕೆ ಸತ್ತದ್ದನ್ನು ಯಾರಾದರೂ ನೋಡಿದ್ದಾರೆಯೇ?

ಇದನ್ನು ನಾವು ಪುಸ್ತಕದಿಂದಷ್ಟೇ ಕಲಿಯಲಿಲ್ಲ. ಮನೆಯಲ್ಲಿ ನಿಶ್ಚಿತಾರ್ಥವಿದ್ದ ಒಂದು ಮೇ ತಿಂಗಳಲ್ಲಿ, ಕುರ್ಚಿಗಳು ಸಮನಾಗಿ ಕೂಡ್ರಲೆಂದು, ಅಂಗಳವನ್ನು ನೆಲ ಕಾಣುವಂತೆ ಕೊಯ್ಯಿಸಿದೆವು. ಆ ಸಂಜೆ ನೋಡಲು ಚೆನ್ನಾಗಿಯೇ ಇತ್ತು. ಹದಿನೈದು ದಿನಗಳಲ್ಲಿ ಅಲ್ಲಲ್ಲಿ ಬೋಳು ಬಿದ್ದಿತು. ಗಾಬರಿಯಾಗಿ ದಿನಕ್ಕೆರಡು ಸಲ ನೀರು ಬಿಟ್ಟೆವು. ಬೇರಿಗೆ ಕುಡಿಯುವ ಶಕ್ತಿಯೇ ಇಲ್ಲದಾಗ ನೀರು ಏನು ಮಾಡೀತು? ಮಳೆ ಬಿದ್ದ ಮೇಲೆ ಆ ಬೋಳುಗಳಲ್ಲಿ ಮೊದಲು ಎದ್ದದ್ದು ಜೇಕು ಮತ್ತು ಕಾಂಗ್ರೆಸ್ ಕಸ. ನಮ್ಮ ಓಣಿಯವರು ಟ್ಯಾಂಕರಿನ ದಾರಿ ಕಾಯುತ್ತಿದ್ದ ದಿನಗಳಲ್ಲಿ ನಾವು ಸತ್ತ ಹುಲ್ಲಿಗೆ ತೊಟ್ಟಿ ಬರಿದು ಮಾಡಿದೆವೆಂಬುದು ಇಂದಿಗೂ ನಮಗೆ ನಾಚಿಕೆಯ ಮಾತು.

ಕೊಯ್ದ ಮಾಲಿಯನ್ನು ಬೈಯುವುದು ಸುಲಭ. ಆದರೆ ನಾವು ಅವನಿಗೆ ಕೊಡುವುದು ಕೊಯ್ದ ಸಲಕ್ಕೆ ಇಷ್ಟೆಂದು. ತಿಂಗಳಿಗೊಮ್ಮೆ ಕರೆಸಿ, "ಮತ್ತೆ ಬೇಗ ಬರಬೇಕಾಗದ ಹಾಗೆ ತೆಗೆ" ಎಂದು ಹೇಳುವವರೂ ನಾವೇ. ಅವನು ಹೇಳಿದ ಹಾಗೆ ಮಾಡುತ್ತಾನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಹೆಚ್ಚೆಂದರೆ ಹತ್ತು ದಿನಕ್ಕೊಮ್ಮೆ, ಚಳಿಯಲ್ಲಿ ಮೂರು ವಾರಕ್ಕೊಮ್ಮೆ ಬಂದು ತುದಿ ಮಾತ್ರ ತೆಗೆಯುವಂತೆ ತಿಂಗಳ ಲೆಕ್ಕದಲ್ಲಿ ಕೂಲಿ ಗೊತ್ತುಮಾಡಿದರೆ ಅವನಿಗೂ ಕೆಲಸ ಹಗುರ, ಹುಲ್ಲಿಗೂ ಉಳಿವು. ಖರ್ಚು ಹೆಚ್ಚೆನ್ನುವವರು ಬೇಸಗೆಯ ನೀರಿನ ಖರ್ಚನ್ನೂ, ಎರಡು ವರ್ಷಕ್ಕೊಮ್ಮೆ ಹೊಸ ಹುಲ್ಲು ನೆಡಿಸುವ ಖರ್ಚನ್ನೂ ಕೂಡಿಸಿ ನೋಡಲಿ. ಅಷ್ಟು ಸಲ ಕೊಯ್ಯಿಸಲು ಆಗದವರು ಹುಲ್ಲುಹಾಸಿನ ಗೊಡವೆಗೆ ಹೋಗದೆ ಎರಡು ಬೇವಿನ ಸಸಿ ನೆಡುವುದು ಮೇಲೆಂದು ನಾವು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಹತಾರದ ವಿಷಯ. ೧೮೩೦ರಲ್ಲಿ ಇಂಗ್ಲೆಂಡಿನ ಬಡ್ಡಿಂಗ್ ಎಂಬಾತ ಹುಲ್ಲು ಕತ್ತರಿಸುವ ಮೊದಲ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ಉಣ್ಣೆಬಟ್ಟೆಯ ಜುಂಗು ಕತ್ತರಿಸುವ ಯಂತ್ರವನ್ನು ನೋಡಿ. ಬಟ್ಟೆಯ ಜುಂಗಿನಂತೆ ಹುಲ್ಲೂ ನಯವಾಗಿ ತುಂಡಾಗಬೇಕು. ಈಗ ನಮ್ಮ ಕಡೆ ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟ್ಟರಿಗೆ ನೈಲಾನ್ ದಾರ ಕಟ್ಟಿ ತಿರುಗಿಸುವುದುಂಟು. ಬದುವಿನ ಕಸಕ್ಕೆ ಅದು ಸರಿಯೇ; ಅಂಗಳದ ಎಲೆಯನ್ನು ಅದು ಕತ್ತರಿಸುವುದಕ್ಕಿಂತ ಹರಿಯುವುದೇ ಹೆಚ್ಚು. ಹರಿದ ತುದಿ ಒಂದೆರಡು ದಿನದಲ್ಲಿ ಬೆಳ್ಳಗೆ ಒಣಗುತ್ತದೆ, ರೋಗಕ್ಕೆ ಬಾಗಿಲು ತೆರೆಯುತ್ತದೆ. ಮೊಂಡ ಕುಡುಗೋಲಿನ ಗತಿಯೂ ಅದೇ. ಸಾಣೆ ಹಿಡಿದ ಕುಡುಗೋಲು ಇದ್ದರೆ ಸಣ್ಣ ಅಂಗಳಕ್ಕೆ ಬೇರೇನೂ ಬೇಡ. ಹುಲ್ಲು ಒದ್ದೆ ಇದ್ದಾಗ ಕೊಯ್ಯಬಾರದು. ತುದಿಯಷ್ಟೇ ಕೊಯ್ದಿದ್ದರೆ ಆ ಚೂರುಗಳನ್ನು ಗುಡಿಸದೆ ಅಲ್ಲಿಯೇ ಬಿಡಬಹುದು, ಕೊಳೆತು ಗೊಬ್ಬರವಾಗುತ್ತವೆ. ಮನೆಯಲ್ಲಿ ಆಡು ಇದ್ದವರು ಬಿಡಲಾರರು, ಅದೂ ಸರಿಯೇ.

ತಾಂಡೂರಿನವರಿಗೆ ಇನ್ನೊಂದು ಮಾತು. ಅಲ್ಲಿ ಅಂಗಳಕ್ಕೆ ಫರಸಿ ಕಲ್ಲು ಹಾಸಿ, ನಡುವೆ ಪಟ್ಟಿಯಾಗಿ ಹುಲ್ಲು ಬಿಡುವುದುಂಟು. ಬೇಸಗೆಯ ಮಧ್ಯಾಹ್ನ ಕಾದ ಕಲ್ಲಿನ ಝಳಕ್ಕೆ ಅಂಚಿನ ಹುಲ್ಲು ಮೊದಲು ಬಾಡುತ್ತದೆ. ಚೊಕ್ಕವಾಗಿ ಕಾಣಲೆಂದು ಆ ಅಂಚನ್ನೇ ಹೆಚ್ಚು ಗಿಡ್ಡ ಕತ್ತರಿಸುತ್ತಾರೆ. ಅಲ್ಲಿ ಅರ್ಧ ಅಂಗುಲ ಎತ್ತರವಾಗಿಯೇ ಬಿಡಬೇಕು. ಎಲೆಯ ನೆರಳು ಬಿದ್ದರೆ ಬುಡದ ಮಣ್ಣು ಅಷ್ಟು ಬೇಗ ಒಣಗುವುದಿಲ್ಲ. ಮಾರ್ಚಿಯಿಂದ ಮೃಗಶಿರ ಮಳೆಯವರೆಗೆ ಎಲ್ಲರ ಅಂಗಳಕ್ಕೂ ಈ ಮಾತು ಅನ್ವಯಿಸುತ್ತದೆ. ಈಗಾಗಲೇ ಬೋಳಿಸಿಬಿಟ್ಟಿದ್ದವರು ಯೂರಿಯಾ ಚೀಲಕ್ಕೆ ಕೈ ಹಾಕಬಾರದು. ನಾಲ್ಕೈದು ದಿನಕ್ಕೊಮ್ಮೆ ಬೆಳಗಿನಲ್ಲಿ ಆಳಕ್ಕೆ ಇಳಿಯುವಂತೆ ನೀರು ಕೊಟ್ಟು, ಹುಲ್ಲು ೩ ಅಂಗುಲ ಬರುವತನಕ ಮಾಲಿಗೆ ಬರಬೇಡವೆಂದು ಹೇಳಿ ಕಳಿಸಬೇಕು. ಆ ದಿನಗಳ ಕೂಲಿಯನ್ನು ಹಿಡಿಯಬಾರದು.