ಹಳೆ ಲಾರಿಯ ಬಿಡಿಭಾಗ: ಅಗ್ಗವೂ ಇರಲಿ, ಸತ್ಯವೂ ಇರಲಿ

ಲಾರಿಯ ದುಡಿಮೆಯಲ್ಲಿ ಅನ್ನ ಉಂಡ ಮನೆಗಳು ನಮ್ಮಲ್ಲಿ ತುಂಬಾ ಉಂಟು. ಮಂಗಳೂರಿನ ಬಂದರಿನಿಂದ ಶಿರಾಡಿ, ಚಾರ್ಮಾಡಿ ಘಾಟಿ ಹತ್ತಿದ ಹಂಚು, ಮೀನು, ಮರದ ಲೋಡುಗಳ ಹಿಂದೆ ಬ್ಯಾರಿ ಚಾಲಕರ, ಕ್ಲೀನರ್‌ಗಳ ಬೆವರಿದೆ. ಆ ಕಾಲದ ಕೆಲವು ಲಾರಿಗಳು ಇವತ್ತಿಗೂ ಕೆಂಪುಕಲ್ಲು, ಜಲ್ಲಿ ಹೊತ್ತು ಊರೊಳಗೆ ಓಡುತ್ತಿವೆ. ಉಪ್ಪ ಬಿಟ್ಟುಹೋದ ಲಾರಿ ಎಂಬ ಪ್ರೀತಿ ಒಂದು ಕಡೆ. ಹೊಸ ಲಾರಿಯ ಕಂತು, ಬಡ್ಡಿ ಬೇಡಪ್ಪಾ ಎಂಬ ಲೆಕ್ಕ ಇನ್ನೊಂದು ಕಡೆ.

ಇಂಥ ಲಾರಿ ನಿಲ್ಲುವುದು ಹೆಚ್ಚಾಗಿ ಇಂಜಿನ್ನಿನಿಂದಲ್ಲ. ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಹೌಸಿಂಗ್‌ನೊಳಗಿನ ಕ್ರೌನ್-ಪಿನಿಯನ್, ಆಕ್ಸಲ್ ಇವುಗಳಲ್ಲಿ ಒಂದು ಕೈಕೊಟ್ಟರೆ ಆಯಿತು, ಬಿಡಿಭಾಗಕ್ಕಾಗಿ ವಾರಗಟ್ಟಲೆ ಅಲೆದಾಟ.

ಟಾಟಾ ಲಾರಿ ಇದ್ದವರಿಗೆ ಒಂದು ಸಮಾಧಾನ. 1954ರಲ್ಲಿ ಟಾಟಾ ಕಂಪೆನಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಸೇರಿ ಲಾರಿ ಮಾಡಲು ಹೊರಟಿತು. ಆ ಒಪ್ಪಂದ 1969ಕ್ಕೆ ಮುಗಿಯಿತು. ಆದರೆ ಅದೇ ಮೂಲದ ವಿನ್ಯಾಸ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ದಶಕಗಳ ಕಾಲ ಮುಂದುವರಿಯಿತು. ಆದ್ದರಿಂದ ನಂತರದ ಲಾರಿಗಳ ಕೆಲವು ಭಾಗಗಳು ಹಳೆಯದಕ್ಕೂ ಕೂರುತ್ತವೆ. ಬೆಡ್‌ಫೋರ್ಡ್, ಫಾರ್ಗೊ ಇಟ್ಟುಕೊಂಡವರಿಗೆ ಆ ಭಾಗ್ಯ ಇಲ್ಲ. ಅವರಿಗೆ ಗುಜರಿಯೇ ಗತಿ.

ಗುಜರಿ ವ್ಯಾಪಾರ ಎಂದರೆ ಅದರಲ್ಲೂ ನಮ್ಮವರೇ ಬಹಳ ಮಂದಿ. ನಮ್ಮ ಮಾತು ಇರುವುದು ಇಲ್ಲಿಯೇ. ಹಳೆಯ ಭಾಗ ಅಗ್ಗಕ್ಕೆ ಸಿಗುವುದು ಒಳ್ಳೆಯದೇ. ಆದರೆ ಸವೆದ ಹಲ್ಲಿಗೆ ಗ್ರೀಸ್ ಬಳಿದು, ಬಿರುಕಿಗೆ ವೆಲ್ಡಿಂಗ್ ಹಾಕಿ ಪೈಂಟ್ ಹೊಡೆದು, ‘ಒಳ್ಳೆ ಮಾಲು, ಕೊಂಡು ಹೋಗಿ’ ಅಂದರೆ ಅದು ಅಗ್ಗ ಅಲ್ಲ. ಘಾಟಿಯ ಏರಿನಲ್ಲಿ ಲೋಡ್ ಲಾರಿಯ ಆಕ್ಸಲ್ ತುಂಡಾದರೆ ಇಂಜಿನ್ನಿನ ಹಿಡಿತ ತಪ್ಪಿ ಲಾರಿ ಹಿಂದಕ್ಕೆ ಜಾರುತ್ತದೆ. ಹಿಂದಿರುವ ಬೈಕಿನವನು ಯಾರ ಮನೆಯ ಮಗನೋ!

ಪ್ರವಾದಿ(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗೆ ಒದ್ದೆ ಇರುವುದನ್ನು ಕಂಡು ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರಸಂಗ ಮದ್ರಸಕ್ಕೆ ಹೋದ ಮಕ್ಕಳಿಗೂ ಗೊತ್ತು. ಒದ್ದೆ ಧಾನ್ಯ ಮಾರಲೇಬಾರದು ಅಂತ ಅಲ್ಲ, ಅದನ್ನು ಜನರಿಗೆ ಕಾಣುವ ಹಾಗೆ ಮೇಲೆ ಇಡಬೇಕಿತ್ತು ಎಂಬುದು ಆ ಪಾಠ. ಸವೆದ ಪಿನಿಯನ್‌ಗೂ ಇದೇ ಪಾಠ. ದೋಷ ಹೇಳಿ ಕಡಿಮೆಗೆ ಕೊಟ್ಟರೆ ಅದು ವ್ಯಾಪಾರ; ಮುಚ್ಚಿಟ್ಟು ಮಾರಿದರೆ ಆ ಲಾಭದಲ್ಲಿ ಬರಕತ್ ಎಲ್ಲಿಂದ?

ಕೊಳ್ಳುವವರೂ ಸ್ವಲ್ಪ ತಿಳಿದುಕೊಳ್ಳಬೇಕು. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ತಯಾರಾಗುವುದು, ಜೋಡಿಯಾಗಿಯೇ ಬದಲಿಸಬೇಕು. ಎರಡರ ಮೇಲೂ ಕೊರೆದ ನಂಬರ್ ತಾಳೆ ನೋಡಿ. ಹಲ್ಲು ಎಣಿಸಿ. ಕ್ರೌನ್‌ಗೆ 41, ಪಿನಿಯನ್‌ಗೆ 6 ಇದ್ದರೆ ಅನುಪಾತ 6.83, ಪಿನಿಯನ್‌ಗೆ 7 ಇದ್ದರೆ 5.86. ಮೊದಲನೆಯದು ಏರಿಗೆ ಬಲ, ಎರಡನೆಯದು ಹೈವೇಗೆ ವೇಗ. ಕ್ಲಚ್ ಪ್ಲೇಟಿಗೆ ಅಗಲ ಮಾತ್ರ ಅಳೆದರೆ ಸಾಲದು, ನಡುವಿನ ಸ್ಪ್ಲೈನ್ ಕೂಡ ಎಣಿಸಬೇಕು. ಆಕ್ಸಲ್‌ನ ಸ್ಪ್ಲೈನ್ ತಿರುಚಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಕಳಚಿದ ಹಳೆಯ ಭಾಗವನ್ನೇ ಅಂಗಡಿಗೆ ಹಿಡಿದುಕೊಂಡು ಹೋಗುವುದು ಎಲ್ಲಕ್ಕಿಂತ ಉತ್ತಮ.

ಬಿಲ್ಲಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ ಶೇ. 28 ಜಿಎಸ್‌ಟಿ ಇದ್ದ ವಾಹನ ಬಿಡಿಭಾಗಗಳೂ ಶೇ. 18ಕ್ಕೆ ಇಳಿದಿವೆ. ಬಿಲ್ ಇಲ್ಲದೆ ಉಳಿಯುವ ನಾಲ್ಕು ಕಾಸಿಗಿಂತ, ಹಾಳಾದಾಗ ವಾಪಸ್ ಕೇಳುವ ಹಕ್ಕು ದೊಡ್ಡದಲ್ಲವೇ?

ಹಳೆ ಲಾರಿಯನ್ನು ಹೇಗಾದರೂ ಓಡಿಸಿ ಎಂದು ನಾವು ಹೇಳುತ್ತಿಲ್ಲ. 50 ವರ್ಷ ದಾಟಿದ ವಾಹನಕ್ಕೆ ‘ವಿಂಟೇಜ್’ ನೋಂದಣಿ ಕೊಡುವ 2021ರ ನಿಯಮ ಬಾಡಿಗೆಗೆ ದುಡಿಯುವ ಲಾರಿಗೆ ಅನ್ವಯಿಸುವುದಿಲ್ಲ. ಫಿಟ್ನೆಸ್ ಸಿಗದ ಲಾರಿ ರಸ್ತೆಗೆ ಇಳಿಯಲೇಬಾರದು.

ಆದರೆ ಓಡಬಲ್ಲ ಲಾರಿ ಒಂದು ಭಾಗ ಸಿಗದೆ ಅಂಗಳದಲ್ಲಿ ತುಕ್ಕು ಹಿಡಿದರೆ ಆ ಮನೆಯ ಒಲೆಗೂ ಪೆಟ್ಟು. ಗುಜರಿ ಅಂಗಡಿಯವರು ಪ್ರತಿ ಭಾಗದ ಮೇಲೆ ಯಾವ ಲಾರಿಯದ್ದು, ಎಷ್ಟು ಹಲ್ಲು, ಏನು ದೋಷ ಎಂದು ಸೀಮೆಸುಣ್ಣದಲ್ಲಿ ಬರೆದಿಡಲಿ, ಅದಕ್ಕೆ ಖರ್ಚಿಲ್ಲ. ಯಾರ ಶೆಡ್ಡಿನಲ್ಲಿ ಯಾವ ಗೇರ್‌ಬಾಕ್ಸ್ ಸುಮ್ಮನೆ ಬಿದ್ದಿದೆ ಎಂಬ ಪಟ್ಟಿಯನ್ನು ಊರಿನ ಯುವಕರು ಮಾಡಲಿ. ಸದ್ದು ಕೇಳಿಯೇ ಬೇನೆ ಹೇಳಬಲ್ಲ ಮೆಕ್ಯಾನಿಕ್ ಕಾಕಂದಿರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರಿರುವಾಗಲೇ ಮಕ್ಕಳು ಅವರ ಪಕ್ಕ ಕೂತು ಆ ವಿದ್ಯೆ ಕಲಿಯಲಿ.